ಎಂಟನೇ ಸ್ಥಾನಕ್ಕಾಗಿ ಸೋತ ಆಟ

ಸತ್ಯನಾರಾಯಣ ಪೂಜೆಯ ಮಂಟಪದಲ್ಲಿ, ಕಲಶದ ಪಕ್ಕಕ್ಕೆ, ಒಂದು ವಾಲಿಬಾಲ್ ಮೆಡಲ್ ಇಟ್ಟಿದ್ದರು. ಬೆಳ್ಳಿಯದಲ್ಲ, ಬೆಳ್ಳಿ ಬಣ್ಣದ್ದು. ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಮೇಲೊಂದು ಸೇವಂತಿಗೆ ಏರಿಸಿದ್ದರು. ಪುರೋಹಿತರು ಕಥೆ ಓದುತ್ತಿದ್ದರೆ ನಾನು ಅದನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದೆ. ಆ ಮೆಡಲ್ ಆ ಮನೆಗೆ ಯಾವ ದಾರಿಯಲ್ಲಿ ಬಂದಿತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಟೀಮನ್ನು ತುಳಿದುಕೊಂಡು ಬಂದಿತ್ತು.

ನನಗಾಗ ಇಪ್ಪತ್ತು ವರ್ಷ, ಕಾಲೇಜಿನ ಎರಡನೇ ವರ್ಷ. ಹುಟ್ಟಿದ್ದು ಮೈಸೂರಿನಲ್ಲಾದರೂ ಬೆಳೆದದ್ದೆಲ್ಲ ಕಡಲಾಚೆಯ ದೇಶದ ಪಾಸಿರ್ ರಿಸ್‌ನಲ್ಲಿ. ಕನ್ನಡ ಓದುಬರಹವನ್ನು ಅಮ್ಮ ಊಟದ ಮೇಜಿನ ಮುಂದೆ ಕೂರಿಸಿ ಹಟ ಹಿಡಿದು ಕಲಿಸಿದಳು. ಹೊರಗೆಲ್ಲ ನನ್ನದು ಇಂಗ್ಲಿಷೇ. ನಗುವುದು, ಪರೀಕ್ಷೆ ಬರೆಯುವುದು, ಊಟದ ಅಂಗಡಿಗಳ ಹಾಕರ್ ಸೆಂಟರ್‌ನಲ್ಲಿ ಕೋಪಿ, ಅಂದರೆ ಇಲ್ಲಿನ ಕಾಫಿ, ಹೇಳುವುದು ಎಲ್ಲ ಅದರಲ್ಲೇ. ಸಿಟ್ಟು ಬಂದರೆ ಮಾತ್ರ ಕನ್ನಡ ಬೇಕು. ಇಂಗ್ಲಿಷ್‌ನಲ್ಲಿ ನಾನು ಯಾರನ್ನೂ ಸರಿಯಾಗಿ ದ್ವೇಷಿಸಿದ್ದೇ ಇಲ್ಲ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಪೂಜೆ ಮಾಡಿಸಿದ್ದು ನಾವೆಲ್ಲ ಅಂಕಲ್ ಎನ್ನುವ ಒಬ್ಬರು. ಸಂಬಂಧಿಕರಲ್ಲ. ಆದರೆ ಅಪ್ಪ ಅಮ್ಮ ಈ ಊರಿಗೆ ಬಂದ ಹೊಸದರಲ್ಲಿ ಮೊದಲು ಮನೆಗೆ ಕರೆದು ಊಟ ಹಾಕಿದವರು ಅವರೇ, ಹಾಗಾಗಿ ನಮ್ಮ ಮನೆಯಲ್ಲಿ ಅವರ ಮಾತಿಗೆ ಎದುರು ಮಾತಿಲ್ಲ. ಕಾಲೇಜೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತಾರೆ. ಕನ್ನಡದವರು ಎಲ್ಲೇ ಸೇರಲಿ, ಮೈಕು ಅವರ ಕೈಯಲ್ಲೇ ಇರಬೇಕು. ಅವರ ಮಗಳು ನನ್ನ ವಯಸ್ಸಿನವಳು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಆರನೇ ವಯಸ್ಸಿನಿಂದ ನಾವಿಬ್ಬರೂ ಒಂದೇ ಬೆಂಚು. ಅವಳೂ ವಾಲಿಬಾಲ್ ಆಡುತ್ತಿದ್ದಳು, ಬೇರೆ ಕಾಲೇಜಿಗೆ. ನಾವಿಬ್ಬರೂ ಆಡುತ್ತಿದ್ದ ಕಾಲೇಜು ಲೀಗ್‌ನ ನಿಯಮಗಳನ್ನು ಬರೆಯುವ ಸಮಿತಿಗೆ ಈ ಅಂಕಲ್ಲೇ ಅಧ್ಯಕ್ಷರು. ಇಷ್ಟು ಗೊತ್ತಾದರೆ ಮುಂದಿನದು ಯಾರಿಗಾದರೂ ಅರ್ಥವಾಗುತ್ತದೆ.

ಹತ್ತು ಕಾಲೇಜುಗಳ ಲೀಗ್ ಅದು. ಎಲ್ಲರೂ ಎಲ್ಲರ ಜೊತೆ ಒಂದೊಂದು ಸಲ ಆಡಬೇಕು. ಕೊನೆಗೆ ಮೊದಲ ನಾಲ್ಕು ಟೀಮು ನಾಕೌಟ್‌ಗೆ ಹೋಗುತ್ತವೆ, ಉಳಿದವರು ಮನೆಗೆ. ನಮ್ಮ ಕಾಲೇಜು ನಾಕೌಟ್ ಕಂಡೇ ಇರಲಿಲ್ಲ. ಆ ವರ್ಷ ಕೊನೆಯ ಲೀಗ್ ಪಂದ್ಯದಲ್ಲಿ ಅಂಕಲ್ ಮಗಳ ಟೀಮನ್ನು ಸೋಲಿಸಿ ನಾವು ನಾಲ್ಕನೆಯವರಾದೆವು, ಅವರು ಐದನೆಯವರಾದರು. ನಾವು ಕೋರ್ಟಿನ ಮೇಲೇ ಮಲಗಿ ಹೊರಳಾಡಿದೆವು. ನಮ್ಮ ಕೋಚ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆ ಖುಷಿ ಒಂದು ವಾರವೂ ಬಾಳಲಿಲ್ಲ. ಸಮಿತಿಯಿಂದ ಎಲ್ಲ ಟೀಮುಗಳಿಗೂ ಈಮೇಲ್ ಬಂತು. ಹೆಚ್ಚು ವಿದ್ಯಾರ್ಥಿಗಳಿಗೆ ಅವಕಾಶ ಸಿಗಲಿ ಎಂಬ ದೃಷ್ಟಿಯಿಂದ ಈ ಸಾಲಿನಿಂದಲೇ ನಾಕೌಟ್‌ಗೆ ನಾಲ್ಕರ ಬದಲು ಆರು ಟೀಮು. ಮೊದಲ ಎರಡು ಟೀಮು ನೇರ ಸೆಮಿಫೈನಲ್‌ಗೆ, ಉಳಿದ ನಾಲ್ಕು ಟೀಮು ಒಂದು ಸುತ್ತು ಹೆಚ್ಚು ಆಡಬೇಕು. ಮೂರನೆಯವರಿಗೆ ಆರನೆಯವರು, ನಾಲ್ಕನೆಯವರಿಗೆ ಐದನೆಯವರು. ಅಂದರೆ ನಾವು ಹಿಂದಿನ ವಾರ ಸೋಲಿಸಿ ಹೊರಗೆ ಹಾಕಿದವರ ಜೊತೆಯೇ ಇನ್ನೊಂದು ಸಲ ಆಡಿ ಗೆಲ್ಲಬೇಕು. ಗೆಲ್ಲಲಿಲ್ಲ. ಮೊದಲ ಸೆಟ್‌ನಲ್ಲೇ ಚೆಂಡು ಬಾರಿಸುವ ನಮ್ಮ ಒಳ್ಳೆಯ ಸ್ಪೈಕರ್ ಕಾಲು ಉಳುಕಿಸಿಕೊಂಡಳು, ಆಮೇಲೆ ನಾವು ಸುಮ್ಮನೆ ನಿಂತು ಹೊಡೆಸಿಕೊಂಡೆವು. ಐದನೆಯವರಾಗಿ ಬಂದವರು ಫೈನಲ್‌ವರೆಗೆ ಹೋಗಿ ಆ ಬೆಳ್ಳಿ ಬಣ್ಣದ ಮೆಡಲ್ ತಂದರು. ಅದಕ್ಕೆ ಪೂಜೆ, ಪೂಜೆಗೆ ನಮಗೆ ಕರೆ.

ಈಗ ನಾನು ಸೆಲೆಟಾರ್‌ನಲ್ಲಿ ವಿಮಾನ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಅಲ್ಲಿ ಮ್ಯಾನುಯಲ್‌ನ ಒಂದು ಸಾಲು ಬದಲಾದರೂ ಅಂಚಿನಲ್ಲಿ ಕಪ್ಪು ಗೆರೆ ಎಳೆದಿರುತ್ತದೆ, ಯಾವ ದಿನದಿಂದ ಜಾರಿ ಎಂದು ಬರೆದಿರುತ್ತದೆ. ಅರ್ಧ ಬಿಚ್ಚಿಟ್ಟ ಎಂಜಿನ್‌ಗೆ ನಡುವೆ ಹೊಸ ನಿಯಮ ತಂದು ಅಂಟಿಸುತ್ತೇನೆ ಎಂದರೆ ನನ್ನನ್ನು ಬಾಗಿಲಾಚೆ ನಿಲ್ಲಿಸುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಹೇಳಿಕೊಟ್ಟಾಗ ನನಗೆ ಅಂಕಲ್ ನೆನಪಾಗಿ ಹಲ್ಲು ಕಡಿದೆ. ಪಾಠ ಮಾಡುತ್ತಿದ್ದ ಹಿರಿಯರು ಹಲ್ಲುನೋವೇ ಎಂದು ಕೇಳಿದರು.

ಪೂಜೆಯ ದಿನ ಪ್ರಸಾದ ಹಂಚುತ್ತಿದ್ದವರೂ ಅಂಕಲ್ಲೇ. ರೇಷ್ಮೆ ಪಂಚೆ ಉಟ್ಟು, ಸಜ್ಜಿಗೆಯ ಪಾತ್ರೆ ಹಿಡಿದು ನನ್ನ ಮುಂದೆ ನಿಂತರು.

"ಪುಟ್ಟಾ, ಯಾಕೆ ಮುಖ ಊದಿಸ್ಕೊಂಡಿದ್ದೀಯ? ಮ್ಯಾಚ್ ಬಗ್ಗೆ ಇನ್ನೂ ಬೇಜಾರಾ?"

"ಅಂಕಲ್, ಸೀಸನ್ ಮುಗಿದ್ಮೇಲೆ ರೂಲ್ ಚೇಂಜ್ ಮಾಡಿದ್ರಲ್ಲ, ಅದು ಫೇರಾ?"

ಅಮ್ಮ ಪಕ್ಕದಿಂದ ನನ್ನ ಮೊಣಕೈ ಚಿವುಟಿದಳು. ಅಂಕಲ್ ಜೋರಾಗಿ ನಕ್ಕರು.

"ನೋಡು, ನಾಲ್ಕೇ ಟೀಮ್ ಅಂದ್ರೆ ಮಿಕ್ಕಿದ ಮಕ್ಕಳಿಗೆ ಸೀಸನ್ ಬೇಗ ಮುಗಿದೋಗತ್ತೆ. ಸಿಕ್ಸ್ ಆದ್ರೆ ಎಲ್ರಿಗೂ ಎಕ್ಸ್‌ಪೋಷರ್ ಸಿಗತ್ತೆ. ಸ್ಟ್ಯಾಟಿಸ್ಟಿಕಲಿ ಇದೇ ಜಾಸ್ತಿ ಫೇರು. ತಗೋ, ಸಜ್ಜಿಗೆ ಹಾಕಿಸ್ಕೋ."

ಹಾಕಿಸಿಕೊಂಡೆ. ದೇವರ ಪ್ರಸಾದ ಬೇಡ ಎನ್ನುವುದು ಹೇಗೆ? ತುಪ್ಪ ಸುರಿಯುತ್ತಿದ್ದ ಆ ಸಜ್ಜಿಗೆಯನ್ನು ಬೆರಳಲ್ಲಿ ಕಲಸುತ್ತ ಕೂತೆ. ಅವರ ಮಗಳು ಬಂದು ಪಕ್ಕದಲ್ಲಿ ಕೂತಳು. "ಸಾರಿ ಲಾ. ಅಪ್ಪ ಏನೋ ಮಾಡಿದ್ರು. ಬಟ್ ಆಡಿ ಗೆದ್ದಿದ್ದು ನಾವೇ ಅಲ್ವಾ?" ಎಂದಳು, ಇಲ್ಲಿಯವರ ಹಾಗೆ ಲಾ ಸೇರಿಸಿ. ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು ಬಂತು.

ವಾಪಸ್ ಬರುವಾಗ ಅಮ್ಮ, "ಅವರು ಆ ಮೀಟಿಂಗಲ್ಲಿ ವೋಟೇ ಹಾಕ್ಲಿಲ್ವಂತೆ ಕಣೆ, ಮಗಳ ಟೀಮ್ ಇದೆ ಅಂತ ದೂರ ಕೂತಿದ್ರಂತೆ" ಎಂದಳು. ಇರಬಹುದು. ಅಧ್ಯಕ್ಷರು ಕೈ ಎತ್ತದೆ ಕೂತರೂ ಉಳಿದವರಿಗೆ ಅವರ ಮುಖ ಕಾಣುತ್ತದಲ್ಲ? ನಾನು ಆ ಮಾತನ್ನು ನಂಬಲಿಲ್ಲ. ನಂಬುವುದು ನನಗೆ ಬೇಕೂ ಇರಲಿಲ್ಲ.

ಆಮೇಲಿನ ಎರಡು ವರ್ಷ ನಾನು ಅವರಿಗೆ ನಮಸ್ಕಾರ ಅಂಕಲ್, ಚೆನ್ನಾಗಿದ್ದೀರಾ ಅಂಕಲ್ ಎನ್ನುತ್ತಲೇ ಇದ್ದೆ. ರಾಜ್ಯೋತ್ಸವದ ದಿನ ಅವರ ಕೈಯಿಂದಲೇ ಪ್ರಬಂಧ ಸ್ಪರ್ಧೆಯ ಬಹುಮಾನ ತಗೊಂಡೆ. ಫೋಟೋದಲ್ಲಿ ಹಲ್ಲು ಕಿರಿದಿದ್ದೇನೆ. ಒಳಗೆ ಒಂದೇ ಮಾತು ಕುದಿಯುತ್ತಿತ್ತು. ನಿಮ್ಮ ನಿಯಮ ಹಿಡಿದೇ ನಿಮಗೆ ತೋರಿಸುತ್ತೇನೆ, ತಾಳಿ.

ಕೊನೆಯ ವರ್ಷ ನಾನು ಕ್ಯಾಪ್ಟನ್. ಆ ಸಾಲಿನ ಆರಂಭದಲ್ಲಿ ಎಲ್ಲ ಕ್ಯಾಪ್ಟನ್‌ಗಳನ್ನು ಒಂದು ಮೀಟಿಂಗಿಗೆ ಕರೆದರು. ಅಂಕಲ್ ಬೋರ್ಡಿನ ಮುಂದೆ ನಿಂತು, ಈ ಸಲದಿಂದ ಆರರ ಬದಲು ಎಂಟು ಟೀಮು, ಒಂದನೆಯವರಿಗೆ ಎಂಟನೆಯವರು, ಎರಡನೆಯವರಿಗೆ ಏಳನೆಯವರು, ಹೀಗೆ ಕ್ವಾರ್ಟರ್ ಫೈನಲ್ ಎಂದು ಗೆರೆ ಎಳೆದು ತೋರಿಸಿದರು. ಹತ್ತರಲ್ಲಿ ಎಂಟು! ಇನ್ನು ಲೀಗ್ ಆಡುವುದಾದರೂ ಯಾಕೆ ಎಂದು ಯಾರೋ ಗೊಣಗಿದರು. ಈ ಸಲ ಕ್ಯಾಪ್ಟನ್‌ಗಳ ಅಭಿಪ್ರಾಯವನ್ನೂ ಕೇಳಿದರು. ನಮ್ಮ ಟೀಮಿನ ಒಳ್ಳೊಳ್ಳೆಯವರೆಲ್ಲ ಓದು ಮುಗಿಸಿ ಹೋಗಿದ್ದರು, ಮೊದಲ ಆರರೊಳಗೆ ಬರುವ ಯೋಗ್ಯತೆ ನಮಗಿರಲಿಲ್ಲ. ನಾನು ಕೈ ಎತ್ತಿದೆ. ಅಂಕಲ್ ಖುಷಿಯಾಗಿ, ಎಲ್ಲರೆದುರು ಕನ್ನಡದಲ್ಲೇ, "ನೋಡಿದ್ಯಾ ಪುಟ್ಟಾ, ಈಗ ನಿಂಗೇ ಅರ್ಥ ಆಯ್ತು" ಎಂದರು. ನಾನು ನಕ್ಕೆ.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹುಡುಗಿ ನನಗಿಂತ ಮೊದಲೇ ಕೈ ಎತ್ತಿದ್ದಳು, ಎರಡೂ ಕೈ. ಹತ್ತರಲ್ಲಿ ಯಾವಾಗಲೂ ಹತ್ತನೆಯವರಾಗುತ್ತಿದ್ದ ಒಂದು ಪುಟ್ಟ ಕಾಲೇಜಿನ ಕ್ಯಾಪ್ಟನ್ ಅವಳು. ಮಲಯ್ ಹುಡುಗಿ, ಗುಂಡು ಮುಖ. ಅವರ ಕಾಲೇಜಿಗೆ ಸ್ವಂತ ಕೋರ್ಟಿರಲಿಲ್ಲ. ಶನಿವಾರ ಬೆಳಿಗ್ಗೆ ಪಾಸಿರ್ ರಿಸ್‌ನ ಬೀಚ್ ಪಾರ್ಕಿನಲ್ಲಿ ಎರಡು ಮರಕ್ಕೆ ನೆಟ್ ಕಟ್ಟಿಕೊಂಡು ಅವರು ಆಡುತ್ತಿದ್ದುದನ್ನು ನಾನು ಓಡಲು ಹೋದಾಗೆಲ್ಲ ನೋಡುತ್ತಿದ್ದೆ. "ಎಂಟು ಅಂದರೆ ನಮಗೂ ಆಗಬಹುದು ಅಲ್ವಾ?" ಎಂದು ಅವಳು ಇಂಗ್ಲಿಷ್‌ನಲ್ಲಿ ಕೇಳಿದಳು. ಆಗಬಹುದು ಎಂದೆ.

ಆ ವರ್ಷ ಅಂಕಲ್ ಮಗಳ ಟೀಮು ಒಂದೂ ಪಂದ್ಯ ಸೋಲಲಿಲ್ಲ. ಒಂಬತ್ತಕ್ಕೆ ಒಂಬತ್ತೂ ಗೆದ್ದು ಮೊದಲ ಸ್ಥಾನದಲ್ಲಿ ಕೂತಿತು. ಅವಳಿಗೂ ಅದು ಕೊನೆಯ ವರ್ಷ. ಅಂಕಲ್ ಈ ಸಲ ಚಿನ್ನ ಎಂದು ಊರಿಗೆಲ್ಲ ಸಾರಿದ್ದರು. ಮೈಸೂರಿನಿಂದ ಅವಳ ಅಜ್ಜ ಅಜ್ಜಿ ಫೈನಲ್ ನೋಡಲು ಬರುತ್ತಾರೆಂದು ಅಮ್ಮನೇ ಬಂದು ಹೇಳಿದಳು. ಒಂದು ವೇಳೆ ಫೈನಲ್ ತಪ್ಪಿದರೆ ಅಜ್ಜ ಅಜ್ಜಿ ಏನು ನೋಡುತ್ತಾರೆ ಎಂದು ಯೋಚಿಸಿ ನನಗೆ ತುಂಬ ಹಿತವಾಯಿತು.

ಕೊನೆಯ ಒಂದು ಲೀಗ್ ಪಂದ್ಯ ಉಳಿದಿತ್ತು, ಅದು ನಮ್ಮದು. ಅದರ ಹಿಂದಿನ ದಿನ ನಾನು ಎಂಆರ್‌ಟಿ ರೈಲಿನಲ್ಲಿ ಕೂತು ಫೋನಿನಲ್ಲಿ ಪಟ್ಟಿ ತೆಗೆದೆ. ನಾವು ನಾಲ್ಕು ಪಂದ್ಯ ಗೆದ್ದು ಏಳನೆಯವರು. ಬೀಚಿನಲ್ಲಿ ಆಡುವ ಆ ಪುಟ್ಟ ಕಾಲೇಜು ತಮ್ಮ ಪಂದ್ಯಗಳನ್ನೆಲ್ಲ ಮುಗಿಸಿ, ಮೂರು ಗೆದ್ದು ಎಂಟನೆಯವರು. ನಮ್ಮೆದುರು ಆಡಬೇಕಿದ್ದ ಟೀಮು ಕೂಡ ಮೂರು ಗೆದ್ದಿತ್ತು, ಆದರೆ ಪುಟ್ಟ ಕಾಲೇಜಿನ ಕೈಯಲ್ಲಿ ಸೋತಿದ್ದರಿಂದ ಒಂಬತ್ತನೆಯದಾಗಿತ್ತು. ನಾವು ಗೆದ್ದರೆ ಪಟ್ಟಿ ಹಾಗೇ ಉಳಿಯುತ್ತದೆ, ನಮಗೆ ಎರಡನೆಯವರು ಎದುರಾಗುತ್ತಾರೆ. ಸೋತರೆ ನಮ್ಮನ್ನು ಸೋಲಿಸಿದವರು ಏಳಕ್ಕೆ ಏರುತ್ತಾರೆ, ನಾವು ಎಂಟಕ್ಕೆ ಇಳಿಯುತ್ತೇವೆ. ಎಂಟನೆಯವರಿಗೆ ಸಿಗುವುದು ಒಂದನೆಯವರು.

ಸೋತರೆ ಅಂಕಲ್ ಮಗಳು ಸಿಗುತ್ತಾಳೆ. ನಾನು ಫೋನನ್ನು ಎದೆಗೊತ್ತಿಕೊಂಡೆ. ನನ್ನ ಸ್ಟೇಷನ್ ಬಂದು ಹೋದದ್ದೂ ತಿಳಿಯಲಿಲ್ಲ.

ಒಂಬತ್ತನೇ ಸಾಲನ್ನು ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ಓದಿದೆ. ನಾವು ಎಂಟಕ್ಕೆ ಇಳಿದರೆ ಅಲ್ಲಿರುವವರು ಒಂಬತ್ತಕ್ಕೆ ಬೀಳಬೇಕು, ಒಂಬತ್ತನೆಯವರು ಮನೆಗೆ. ಅದೂ ಗೊತ್ತಿತ್ತು. ಆದರೆ ಅದು ನನ್ನ ಜಗಳವಲ್ಲ ಎಂದುಕೊಂಡೆ.

ವಾಲಿಬಾಲ್‌ನಲ್ಲಿ ನಾನು ಸೆಟರ್. ಚೆಂಡು ನಮ್ಮ ಕಡೆ ಬಂದರೆ ಎರಡನೇ ಟಚ್ ನನ್ನದು. ಯಾರು ಹೊಡೆಯಬೇಕು, ಎಲ್ಲಿಂದ ಹೊಡೆಯಬೇಕು ಎಂದು ನಾನು ಎತ್ತಿಕೊಟ್ಟ ಹಾಗೆ. ಸೆಟರ್ ಸರಿಯಾಗಿ ಎತ್ತಿದರೆ ಹೊಗಳಿಕೆಯೆಲ್ಲ ಹೊಡೆದವಳಿಗೆ, ಸೆಟರ್ ತಪ್ಪಾಗಿ ಎತ್ತಿದರೆ ಬೈಗುಳವೂ ಹೊಡೆದವಳಿಗೇ. ಒಂದು ಟೀಮನ್ನು ಯಾರಿಗೂ ಗೊತ್ತಾಗದ ಹಾಗೆ ಸೋಲಿಸಬೇಕಾದರೆ ಸೆಟರ್ ಆಗಿರಬೇಕು.

ಪಂದ್ಯ ಕಲ್ಲಾಂಗ್‌ನ ಒಂದು ಹಾಲಿನಲ್ಲಿತ್ತು. ಒಳಗೆ ಕಾಲಿಟ್ಟರೆ ನಮ್ಮ ಬೆಂಚಿನ ಹಿಂದೆ ಆ ಪುಟ್ಟ ಕಾಲೇಜಿನ ಟೀಮಿಡೀ ಕೂತಿತ್ತು. ನಾವು ಗೆದ್ದರೆ ಅವರಿಗೆ ಎಂಟನೇ ಸ್ಥಾನ ಗಟ್ಟಿ. ಅದಕ್ಕೆ ನಮ್ಮ ಕಾಲೇಜಿನ ಬಣ್ಣವೆಂದು ಹಸಿರು ಟೀ ಶರ್ಟ್ ಹುಡುಕಿ ಹಾಕಿಕೊಂಡು ಬಂದಿದ್ದರು. ಖಾಲಿ ಬಾಟಲಿಗಳನ್ನು ಕುರ್ಚಿಗೆ ಬಡಿಯುತ್ತ ನಮ್ಮ ಕಾಲೇಜಿನ ಹೆಸರು ಕೂಗುತ್ತಿದ್ದರು. ನಮಗೆ ಅಷ್ಟು ಜನ ಕೂಗಿದ್ದು ಅದೇ ಮೊದಲು.

ಮೊದಲ ಸೆಟ್ ನಾವು ಗೆದ್ದೆವು. ಸೋಲುವ ಧೈರ್ಯ ನನಗೆ ಬಂದಿರಲಿಲ್ಲ, ಕೈಗೆ ಒಳ್ಳೆಯ ಚೆಂಡು ಬಂದರೆ ಅದು ತಾನಾಗಿಯೇ ಒಳ್ಳೆಯದನ್ನೇ ಎತ್ತುತ್ತಿತ್ತು. ಬಿಡುವಿನಲ್ಲಿ ನೀರು ಕುಡಿಯುತ್ತ ಮೇಲೆ ನೋಡಿದೆ. ಎದುರಿನ ಸ್ಟ್ಯಾಂಡಿನ ತುದಿಯಲ್ಲಿ ಅಂಕಲ್ ಮಗಳ ಜೊತೆ ಕೂತಿದ್ದರು. ಮುಂದೆ ಯಾರು ಎದುರಾಗುತ್ತಾರೆಂದು ನೋಡಲು ಬಂದಿದ್ದರೇನೋ. ನನ್ನನ್ನು ಕಂಡು ಹೆಬ್ಬೆರಳೆತ್ತಿ ತೋರಿಸಿದರು. ಆ ಹೆಬ್ಬೆರಳು ನೋಡಿದ ಮೇಲೆ ನನಗೆ ಯಾವ ಹಿಂಜರಿಕೆಯೂ ಉಳಿಯಲಿಲ್ಲ.

ಎರಡನೇ ಸೆಟ್‌ನಿಂದ ಚೆಂಡನ್ನು ಒಂದು ಗೇಣು ನೆಟ್‌ಗೆ ಹತ್ತಿರ ಎತ್ತತೊಡಗಿದೆ. ಒಂದೇ ಗೇಣು. ನೋಡುವವರಿಗೆ ಏನೂ ತಿಳಿಯುವುದಿಲ್ಲ. ಆದರೆ ಹೊಡೆಯುವವಳ ಕೈ ಪೂರ್ತಿ ಬೀಸುವುದಕ್ಕಾಗುವುದಿಲ್ಲ, ಎದುರಿನವರು ಅಡ್ಡ ಎತ್ತಿದ ಕೈಗಳ ಬ್ಲಾಕ್‌ಗೆ ಚೆಂಡು ತಾನಾಗಿ ಹೋಗಿ ಬೀಳುತ್ತದೆ. ನಮ್ಮ ಹುಡುಗಿಯರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ನಾನು ಹೋಗಿ ಅವರ ಬೆನ್ನು ತಟ್ಟಿ, ನನ್ನ ತಪ್ಪು ಎಂದೆ. ಅದನ್ನು ಅವರು ನನ್ನ ದೊಡ್ಡತನ ಎಂದುಕೊಂಡರು. ಹಿಂದೆ ಬಾಟಲಿ ಬಡಿಯುವ ಸದ್ದು ಇನ್ನೂ ಜೋರಾಯಿತು. ನಾವು ಸೋಲುವುದಕ್ಕೆ ಹತ್ತಿರವಾದಷ್ಟೂ ಅವರು ಗಂಟಲು ಹರಿದುಕೊಂಡು ಕೂಗಿದರು. ಮೂರನೇ ಸೆಟ್‌ನ ಕೊನೆಯ ಪಾಯಿಂಟ್ ಹೋದಾಗ ಆ ಸದ್ದು ಒಮ್ಮೆಗೇ ನಿಂತಿತು. ನಾನು ಹಿಂತಿರುಗಿ ನೋಡಲಿಲ್ಲ.

ಅಮ್ಮ ಅವತ್ತೂ ಆಟ ನೋಡಲು ಬಂದಿದ್ದಳು, ಡಬ್ಬಿಯಲ್ಲಿ ನಮ್ಮೆಲ್ಲರಿಗೂ ಚಿತ್ರಾನ್ನ ತಂದಿದ್ದಳು. ಹೈಸ್ಕೂಲಿನಲ್ಲಿದ್ದಾಗ ಅವಳು ಥ್ರೋಬಾಲ್ ಆಡಿ ಜಿಲ್ಲಾ ಮಟ್ಟದವರೆಗೆ ಹೋಗಿದ್ದವಳು. ವಾಪಸ್ ಬರುವಾಗ ರೈಲಿನಲ್ಲಿ, ನಾಲ್ಕು ಸ್ಟೇಷನ್ ದಾಟಿದ ಮೇಲೆ ಕೇಳಿದಳು.

"ಎರಡನೇ ಸೆಟ್ಟಿಂದ ನಿನ್ ಕೈಗೆ ಏನಾಗಿತ್ತು?"

"ಏನಿಲ್ಲ."

"ಏನೂ ಆಗಿಲ್ಲ ಅಂದ್ರೆ ಬೇಕೂಂತ ಮಾಡ್ದೆ."

ನಾನು ಬಗ್ಗಿ ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದೆ.

"ಅಂಕಲ್ ಅವತ್ತು ಮಾಡಿದ್ದಕ್ಕಾ?"

"ಅವ್ರಿಗೆ ಗೊತ್ತಾಗ್ಬೇಕು ಅಮ್ಮಾ. ಎಷ್ಟು ದಿನ ನಾನು ನಗ್ತಾ ನಮಸ್ಕಾರ ಹೊಡೀತಾ ಇರ್ಲಿ?"

ಅಮ್ಮ ಖಾಲಿ ಡಬ್ಬಿಯ ಮುಚ್ಚಳವನ್ನು ಇನ್ನೊಂದು ಸಲ ಬಿಗಿ ಮಾಡಿದಳು. "ಗೊತ್ತಾಗತ್ತೆ ಬಿಡು. ಆದ್ರೆ ಶನಿವಾರ ನಾನು ಬರಲ್ಲ" ಎಂದಳು. ಬರಲಿಲ್ಲ ಕೂಡ. ನನ್ನ ಕಾಲೇಜು ಜೀವನದಲ್ಲಿ ಅಮ್ಮ ನೋಡದೆ ಬಿಟ್ಟ ಪಂದ್ಯ ಅದೊಂದೇ.

ಶನಿವಾರದ ಕ್ವಾರ್ಟರ್ ಫೈನಲ್ ಬಗ್ಗೆ ನಾಚಿಕೆಯಿಲ್ಲದೆ ಬರೆಯುತ್ತೇನೆ, ಯಾಕೆಂದರೆ ಅಷ್ಟು ಚೆನ್ನಾಗಿ ನಾನು ಅದಕ್ಕೆ ಮೊದಲೂ ಆಡಿಲ್ಲ, ಆಮೇಲೂ ಆಡಿಲ್ಲ. ಮುಂದೆ ಸೆಮಿಫೈನಲ್‌ನಲ್ಲಿ ನಮ್ಮನ್ನು ಸೊಳ್ಳೆ ಹೊಡೆದ ಹಾಗೆ ಹೊಡೆದು ಕಳಿಸಿದರು, ಅದರ ಒಂದು ಪಾಯಿಂಟೂ ನನಗೆ ನೆನಪಿಲ್ಲ. ನನಗೆ ಬೇಕಿದ್ದದ್ದು ಚಿನ್ನವಲ್ಲ. ಈ ಒಂದು ಪಂದ್ಯ.

ಅಂಕಲ್ ಮಗಳನ್ನು ನಾನು ಆರನೇ ವಯಸ್ಸಿನಿಂದ ಬಲ್ಲವಳು. ಕನ್ನಡ ಕ್ಲಾಸಿನಲ್ಲಿ ಮೇಡಂ ಪದ್ಯ ಹೇಳು ಎಂದು ಎಬ್ಬಿಸಿದರೆ ಅವಳು ಮೊದಲು ಬಾಗಿಲಲ್ಲಿ ನಿಂತಿರುವ ಅಪ್ಪನ ಕಡೆ ನೋಡುತ್ತಿದ್ದಳು. ಅಪ್ಪ ತಲೆ ಆಡಿಸಿದರೆ ಪದ್ಯ ಬರುತ್ತಿತ್ತು, ಇಲ್ಲದಿದ್ದರೆ ತೊದಲುತ್ತಿದ್ದಳು. ಅದು ನಮ್ಮಿಬ್ಬರ ಸ್ನೇಹದಲ್ಲಿ ನನಗೆ ತಿಳಿದ ಗುಟ್ಟು. ಅದನ್ನೇ ನಾನು ನಮ್ಮ ಟೀಮಿಗೆ ಹೇಳಿಕೊಟ್ಟೆ. ಎಲ್ಲ ಸರ್ವ್ ಅವಳಿಗೇ ಹಾಕಿ. ಬೇರೆ ಯಾರಿಗೂ ಬೇಡ. ಮೊದಲ ಎರಡು ತಪ್ಪಿದರೆ ಅವಳು ಸ್ಟ್ಯಾಂಡ್ ಕಡೆ ನೋಡುತ್ತಾಳೆ, ಆಮೇಲೆ ಅವಳು ಮುಗಿದ ಹಾಗೆ.

ಹಾಗೇ ಆಯಿತು. ಮೂರನೇ ಸರ್ವ್ ಹೊತ್ತಿಗೆ ಅವಳು ಅಪ್ಪನ ಕಡೆ ನೋಡಿದಳು. ಅಂಕಲ್ ಎರಡೂ ಕೈಯಲ್ಲಿ ಸಮಾಧಾನ, ಸಮಾಧಾನ ಎಂದು ಸನ್ನೆ ಮಾಡಿದರು. ನಾಲ್ಕನೆಯದು ಅವಳ ಮೊಣಕೈಗೆ ಬಡಿದು ಹೊರಗೆ ಹೋಯಿತು. ಅವಳ ಕೋಚ್ ಅವಳನ್ನು ತೆಗೆದು ಕೂರಿಸಿದರು, ಮತ್ತೆ ಇಳಿಸಿದರು, ನಾವು ಮತ್ತೆ ಅವಳಿಗೇ ಹಾಕಿದೆವು. ಅವಳ ಕೆಳತುಟಿ ನಡುಗುತ್ತಿದ್ದುದು ನನಗೆ ನೆಟ್ ಮೂಲಕ ಕಾಣುತ್ತಿತ್ತು. ಪಾಪ ಅನ್ನಿಸಲಿಲ್ಲ. ಕುಂಕುಮ ಹಚ್ಚಿದ ಮೆಡಲ್ ನೆನಪಿಸಿಕೊಂಡು ಮುಂದಿನ ಸರ್ವ್ ಇನ್ನೂ ಗಟ್ಟಿಯಾಗಿ ಬಾರಿಸಿದೆ.

ಲೀಗ್ ಪಂದ್ಯಗಳಿಗೆ ಮೂರೇ ಸೆಟ್, ನಾಕೌಟ್‌ಗೆ ಐದು; ಇದು ಐದನೇ ಸೆಟ್‌ವರೆಗೆ ಹೋಯಿತು. ಕೊನೆಯ ಪಾಯಿಂಟ್‌ಗೆ ಚೆಂಡು ನನ್ನ ಕೈಗೆ ಬಂತು, ನೆಟ್‌ನಿಂದ ಸರಿಯಾದ ದೂರಕ್ಕೆ ಎತ್ತಿದೆ. ನಮ್ಮ ಸ್ಪೈಕರ್ ಬ್ಲಾಕ್‌ನ ಮೇಲಿಂದ ದೂರಕ್ಕೆ ಬಿಟ್ಟಳು. ಚೆಂಡು ಹಿಂದಿನ ಗೆರೆಯ ಹತ್ತಿರ ಬಿತ್ತು. ಒಳಗೋ ಹೊರಗೋ ನನಗೆ ಕಾಣಲಿಲ್ಲ. ಸ್ಟ್ಯಾಂಡಿನಲ್ಲಿ ಅಂಕಲ್ ಎದ್ದು ನಿಂತು "ಔಟ್! ಔಟ್!" ಎಂದು ಕೂಗಿದರು. ಅವರ ಮಗಳೂ ಕೈ ಎತ್ತಿ ಔಟ್ ಎಂದಳು. ಕಾಲೇಜು ಲೀಗ್‌ನಲ್ಲಿ ಕ್ಯಾಮೆರಾ ಇರುವುದಿಲ್ಲ, ರೆಫರಿ ಗೆರೆಯ ಮೂಲೆಯಲ್ಲಿ ಬಾವುಟ ಹಿಡಿದು ನಿಂತ ಲೈನ್ ಜಡ್ಜ್ ಕಡೆ ನೋಡಬೇಕು. ರೆಫರಿ ನೋಡಿದರು. ನಾನೂ ನೋಡಿದೆ.

ನಮ್ಮ ಲೀಗ್‌ನಲ್ಲಿ ಒಂದು ಪದ್ಧತಿಯಿದೆ. ನಾಕೌಟ್‌ಗೆ ಬಾರದ ಟೀಮುಗಳು ನಾಕೌಟ್ ಪಂದ್ಯಗಳಿಗೆ ಲೈನ್ ಜಡ್ಜ್‌ಗಳನ್ನೂ ಸ್ಕೋರ್ ಬರೆಯುವವರನ್ನೂ ಕೊಡಬೇಕು. ಮೂಲೆಯಲ್ಲಿ ಕೆಂಪು ಬಾವುಟ ಹಿಡಿದು ನಿಂತಿದ್ದವಳು ಆ ಪುಟ್ಟ ಕಾಲೇಜಿನ ಕ್ಯಾಪ್ಟನ್. ಪಂದ್ಯವಿಡೀ ಅವಳು ಅಲ್ಲೇ ಇದ್ದಳು, ನಾನು ಆ ಮೂಲೆಯ ಕಡೆ ತಲೆ ತಿರುಗಿಸಿರಲಿಲ್ಲ ಅಷ್ಟೆ. ಅವಳು ಒಂದು ಕ್ಷಣವೂ ಯೋಚಿಸದೆ ಬಾವುಟವನ್ನು ನೆಲದ ಕಡೆ ಚುಚ್ಚಿ ತೋರಿಸಿದಳು. ಒಳಗೆ. ರೆಫರಿ ಸೀಟಿ ಊದಿದರು.

ನಮ್ಮವರೆಲ್ಲ ನನ್ನ ಮೇಲೆ ಬಿದ್ದರು. ಅವರ ಕೈಗಳ ಸಂದಿಯಿಂದ ನಾನು ಅಂಕಲ್ ಮುಖವನ್ನೇ ಹುಡುಕುತ್ತಿದ್ದೆ. ಅವರು ಮೆಟ್ಟಿಲಿಳಿದು ನೇರ ನನ್ನ ಹತ್ತಿರ ಬಂದರು. ಕೈ ಕುಲುಕಿದರು. ಕೈ ತಣ್ಣಗಿತ್ತು.

"ವೆಲ್ ಪ್ಲೇಡ್ ಪುಟ್ಟಾ. ಎಂಟನೆಯವ್ರು ಒಂದನೆಯವ್ರನ್ನ ಹೊಡೀತಾರೆ ಅಂದ್ರೆ ಅದೇ ಈ ಫಾರ್ಮ್ಯಾಟ್‌ದು ಬ್ಯೂಟಿ."

"ಹೂಂ ಅಂಕಲ್," ಎಂದೆ. "ಎಲ್ರಿಗೂ ಎಕ್ಸ್‌ಪೋಷರ್ ಸಿಗತ್ತೆ."

ಅವರಿಗೆ ತಾವು ಹೇಳಿದ್ದ ಮಾತು ನೆನಪಾದದ್ದು ಮುಖದಲ್ಲೇ ತಿಳಿಯಿತು. ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಮಗಳ ಕಡೆ ಹೋದರು. ಅವಳು ಮೊಣಕಾಲಿನ ನೀಪ್ಯಾಡ್ ಬಿಚ್ಚುತ್ತಿದ್ದಳು, ತಲೆ ಎತ್ತಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ನಮ್ಮಿಬ್ಬರ ನಡುವೆ ಮಾತಿಲ್ಲ. ಅಪ್ಪ ಮಂಡಿಯೂರಿ ಕೂತು ಅವಳ ತಲೆ ನೇವರಿಸುವುದನ್ನು ನಾನು ಕಣ್ತುಂಬ ನೋಡಿದೆ. ಎರಡು ವರ್ಷ ಕಾದದ್ದು ಸಾರ್ಥಕವಾಯಿತು ಅನ್ನಿಸಿತು. ಸೇಡು ತೀರಿದರೆ ಮನಸ್ಸು ಖಾಲಿಯಾಗುತ್ತದೆ ಎಂದು ಹೇಳುವವರು ಸೇಡು ತೀರಿಸಿಕೊಂಡವರಲ್ಲ. ನನಗೆ ಹಾಗೇನೂ ಆಗಲಿಲ್ಲ. ಹೊಟ್ಟೆ ತುಂಬ ಉಂಡಷ್ಟು ಸುಖವಾಯಿತು.

ಪಂದ್ಯ ಮುಗಿದ ಮೇಲೆ ಎರಡೂ ಕ್ಯಾಪ್ಟನ್‌ಗಳು ಸ್ಕೋರ್ ಹಾಳೆಗೆ ಸಹಿ ಹಾಕಬೇಕು. ನಾನು ಮೇಜಿನ ಹತ್ತಿರ ಹೋಗಿ ಪೆನ್ನು ತಗೊಂಡೆ. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಅವಳು ನಿಂತಿದ್ದಳು.

"ಚೆನ್ನಾಗಿ ಆಡಿದಿರಿ ಲಾ," ಎಂದಳು ಇಂಗ್ಲಿಷ್‌ನಲ್ಲಿ. "ನಮ್ಮ ಹುಡುಗಿಯರಿಗೆ ನಿಮ್ಮ ಮೇಲೆ ತುಂಬ ಕೋಪ ಇತ್ತು. ಆವತ್ತು ಬೇಕೆಂದೇ ಸೋತರು ಅಂತ ಹೇಳ್ತಾ ಇದ್ದರು."

ನಾನು ಅರ್ಧ ಸಹಿಯಲ್ಲೇ ತಲೆ ಎತ್ತಿದೆ.

"ನಾನು ಅವರಿಗೆ ಬೈದೆ," ಎಂದಳು. "ಯಾರಾದರೂ ಹಾಗೆ ಮಾಡ್ತಾರಾ? ಅವಳಿಗೆ ಮೈ ಹುಷಾರಿರಲಿಲ್ಲ, ಮುಖ ನೋಡಿದರೇ ಗೊತ್ತಾಗ್ತಿತ್ತು ಅಂದೆ. ಹುಷಾರಿರಲಿಲ್ಲ ಅಲ್ವಾ?"

ಅವಳ ಹಿಂದೆ, ಸ್ಕೋರ್ ಬೋರ್ಡಿನ ಹತ್ತಿರ, ಅವಳ ಟೀಮಿನ ಇನ್ನಿಬ್ಬರು ಹುಡುಗಿಯರು ನಿಂತು ನನ್ನನ್ನೇ ನೋಡುತ್ತಿದ್ದರು.

"ಹೌದು," ಎಂದೆ. "ಜ್ವರ ಬಂದಿತ್ತು."

ನೋಡಿದಿರಾ, ನಾನು ಹೇಳಲಿಲ್ಲವಾ ಎಂಬಂತೆ ಅವಳು ಅವರ ಕಡೆ ತಿರುಗಿ ತಲೆಯಾಡಿಸಿದಳು. ಆಮೇಲೆ ಕೈ ಚಾಚಿ, ಬೆವರಿನಿಂದ ಒದ್ದೆಯಾಗಿದ್ದ ನನ್ನ ಹಣೆ ಮುಟ್ಟಿ ನೋಡಿ, ಈಗ ಬಿಟ್ಟಿದೆ ಎಂದಳು.